ಇಷ್ಟಕ್ಕೇ ಮಾರಿದಿರಾ?

ಭಾನುವಾರದ ಆರಾಧನೆಯ ಸಂದೇಶ, ಹುಬ್ಬಳ್ಳಿ
ವಾಕ್ಯಭಾಗ: ಅಪೊಸ್ತಲರ ಕೃತ್ಯಗಳು 4:36ರಿಂದ 5:11, ಯೆರೆಮೀಯ 32:6–15

   

ಈ ಎರಡು ವಾರದಿಂದ ಬಾಗಿಲಲ್ಲಿ ಎಲ್ಲರದೂ ಒಂದೇ ಪ್ರಶ್ನೆ: “ಪಾಸ್ಟರ್, ಹಾಲ್ ಏನಾತ್ರಿ?” ಯೌವನಸ್ಥರು ಕೇಳಿದ್ದಾರೆ, ತಾಯಂದಿರು ಕೇಳಿದ್ದಾರೆ, ಸಂಡೇ ಸ್ಕೂಲ್ ಮಕ್ಕಳೂ ಬಿಟ್ಟಿಲ್ಲ. ಇವತ್ತು ಇಲ್ಲಿಂದಲೇ ಉತ್ತರ ಕೊಡುತ್ತೇನೆ. ಆದರೆ ಮೊದಲು ವಾಕ್ಯ. ವಾಕ್ಯ ತೆಗೆಯುವ ಮೊದಲು ಲೆಕ್ಕ ತೆಗೆದರೆ ನಾನು ಮತ್ತೆ ಹಳೇ ದಲಾಲ ಆಗಿಬಿಡುತ್ತೇನೆ. ಹಳಬರಿಗೆ ಗೊತ್ತಿದೆ, ಹೊಸಬರಿಗೆ ಹೇಳುತ್ತೇನೆ: ಸೇವೆಗೆ ಬರುವ ಮೊದಲು ನಾನು ಇದೇ ಊರಿನಲ್ಲಿ ಮಳಿಗೆ, ಗೋದಾಮು, ಕಮರ್ಷಿಯಲ್ ಸೈಟು ಮಾರಿಸುವ ಕೆಲಸ ಮಾಡಿದವನು. ಕೊಪ್ಪೀಕರ ರಸ್ತೆಯಲ್ಲಿ ಯಾವ ಅಂಗಡಿಗೆ ಎಷ್ಟು ಬಾಡಿಗೆ, ಯಾವ ಅಣ್ಣತಮ್ಮರ ನಡುವೆ ಪಾಲಿನ ಜಗಳ, ಎಲ್ಲ ನನ್ನ ಬಾಯಿಪಾಠ. ಮನೆ ಕೊಳ್ಳುವವನು ಕಿಟಕಿ ನೋಡ್ತಾನ, ಮಳಿಗೆ ಕೊಳ್ಳುವವನು ಬಾಡಿಗೆ ನೋಡ್ತಾನ, ದಲಾಲ ಮಾತ್ರ ಇಬ್ಬರ ಮುಖಾ ನೋಡ್ತಾನ. ಆ ಕಸುಬು ಹಾಗೆ.

ಅಪೊಸ್ತಲರ ಕೃತ್ಯಗಳು, ನಾಲ್ಕನೇ ಅಧ್ಯಾಯದ ಕೊನೆಗೆ ಬರ್ರಿ. ಬಾರ್ನಬ ಅಂತ ಒಬ್ಬ ಸಹೋದರ. ಸೈಪ್ರಸ್ ದ್ವೀಪದವನು, ಲೇವಿಯ ಕುಲದವನು. ಹೊಲ ಮಾರಿದ, ಹಣ ತಂದ, ಅಪೊಸ್ತಲರ ಪಾದದ ಬಳಿ ಇಟ್ಟ. ಎರಡು ವಚನದಲ್ಲಿ ಮುಗಿದುಹೋಯಿತು. ಯಾರು ಕೊಂಡರು, ಎಷ್ಟಕ್ಕೆ ಕೊಂಡರು, ಒಂದೂ ಇಲ್ಲ. ನೆಟ್ಟಗಿನ ವ್ಯವಹಾರದಲ್ಲಿ ಹೇಳುವುದಕ್ಕೆ ಜಾಸ್ತಿ ಏನೂ ಇರುವುದಿಲ್ಲ ನೋಡ್ರಿ. ಅದರ ಬೆನ್ನಿಗೇ ಐದನೇ ಅಧ್ಯಾಯ, ಅನನೀಯ ಮತ್ತು ಸಪ್ಫೈರ. ಅವರದೂ ಆಸ್ತಿ ಮಾರಾಟವೇ. ಅಧ್ಯಾಯದ ನಂಬರುಗಳನ್ನು ಎಷ್ಟೋ ಶತಮಾನ ಕಳೆದ ಮೇಲೆ ಹಾಕಿದ್ದು. ಲೂಕನು ಬರೆದಾಗ ಈ ಎರಡು ಮಾರಾಟಗಳು ಒಂದರ ಪಕ್ಕ ಒಂದು, ನಡುವೆ ಗೋಡೆ ಇಲ್ಲದ ಎರಡು ಅಂಗಡಿಗಳ ಹಾಗೆ ಇದ್ದವು.

ಈ ಭಾಗವನ್ನು ನಾವು ಸಾಮಾನ್ಯವಾಗಿ ಕಾಣಿಕೆಯ ಸಮಯದಲ್ಲಿ ಓದುತ್ತೇವೆ. “ಅರ್ಧ ಇಟ್ಟುಕೊಂಡರು, ಸತ್ತರು, ಆದ್ದರಿಂದ ನೀವು ಪೂರ್ತಿ ಕೊಡಿರಿ” ಅಂತ. ನಾನೂ ಹಾಗೆ ಪ್ರಸಂಗ ಮಾಡಿದ್ದೇನೆ. ದೇವರು ನನ್ನನ್ನು ಕ್ಷಮಿಸಲಿ, ಆ ವಾಕ್ಯ ಹಾಗೆ ಹೇಳುವುದಿಲ್ಲ. ಪೇತ್ರನು ಅನನೀಯನಿಗೆ ಏನು ಹೇಳಿದ? ಮಾರುವ ಮೊದಲು ಆ ಭೂಮಿ ನಿನ್ನದೇ ಆಗಿತ್ತು, ಮಾರಿದ ಮೇಲೆ ಹಣವೂ ನಿನ್ನ ಕೈಯಲ್ಲೇ ಇತ್ತು ಅಂದ. ಅಂದರೆ ಇಟ್ಟುಕೊಳ್ಳಬಹುದಿತ್ತು. ಅರ್ಧ ಇಟ್ಟುಕೊಂಡು, “ಅಯ್ಯಾ, ಇದು ಅರ್ಧ” ಅಂತ ತಂದಿದ್ದರೆ ಪೇತ್ರ ಪ್ರಾರ್ಥನೆ ಮಾಡಿ ಕಳಿಸುತ್ತಿದ್ದ. ಅವರು ಸತ್ತದ್ದು ಹಣಕ್ಕಲ್ಲ, ಅಂಕಿಗೆ.

ಸುಮಾರು ಮೂರು ತಾಸು ಬಿಟ್ಟು ಸಪ್ಫೈರ ಬಂದಳು. ಗಂಡ ಸತ್ತಿದ್ದು ಆಕೆಗೆ ಗೊತ್ತಿಲ್ಲ. ಪೇತ್ರ ಆಕೆಗೆ ಮೊದಲು ಪವಿತ್ರಾತ್ಮನ ಬಗ್ಗೆ ಕೇಳಲಿಲ್ಲ, ದಶಮಾಂಶದ ಬಗ್ಗೆ ಕೇಳಲಿಲ್ಲ. ಮೊದಲು ಕೇಳಿದ್ದು ಬೆಲೆ. ಆ ಭೂಮಿಯನ್ನು ಇಷ್ಟಕ್ಕೇ ಮಾರಿದಿರಾ? ಹೌದು ಅಂದಳು, ಇಷ್ಟಕ್ಕೇ. ಅಷ್ಟೇ. ಆ ಒಂದು “ಹೌದು.”

ಪ್ರಿಯರೇ, ಈ ಪ್ರಶ್ನೆ ನಾನು ಎಷ್ಟು ಸಾರಿ ಕೇಳಿದ್ದೇನೆ ಗೊತ್ತೇನು? ಬೈಬಲಿನಲ್ಲಿ ಅಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. ಕ್ಯಾಮೆರಾ ಮುಂದೆ ಕೂಡಿಸಿ ಫೋಟೊ ತೆಗೀತಾರ, ಹೆಬ್ಬೆಟ್ಟು ಒತ್ತಿಸ್ತಾರ, ಪತ್ರ ಒಪ್ಪಿಗೆ ಐತೇನು, ಹಣ ಮುಟ್ಟೇತೇನು ಅಂತ ಕೇಳ್ತಾರ. ಮಾರುವವನು ಹೌದು ಅಂತಾನ. ಕೊಳ್ಳುವವನು ಹೌದು ಅಂತಾನ. ಎರಡು ಕಡೆ ಸಾಕ್ಷಿ ಸಹಿ ಹಾಕುವವರೂ ಹೌದು ಅಂತಾರ. ದಲಾಲ ಹೊರಗೆ ಚಹಾದ ಅಂಗಡಿಯಲ್ಲಿ ಒಂದು ಕೈಚೀಲ ಹಿಡ್ಕೊಂಡು ಕೂತಿರ್ತಾನ. ಆ ಕೈಚೀಲ ಹಿಡಿದವನು ನಾನು.

ಇಲ್ಲಿರುವ ಕಾಲೇಜು ಮಕ್ಕಳಿಗೆ ಇದು ಅರ್ಥವಾಗಿಲ್ಲದಿರಬಹುದು, ಬಿಡಿಸಿ ಹೇಳುತ್ತೇನೆ. ಪ್ರತಿ ರಸ್ತೆಗೆ, ಪ್ರತಿ ಬಡಾವಣೆಗೆ ಸರ್ಕಾರ ಒಂದು ಮಾರ್ಗಸೂಚಿ ದರ ಗೊತ್ತು ಮಾಡಿರುತ್ತದೆ. ಅದಕ್ಕಿಂತ ಕಡಿಮೆ ಬೆಲೆ ತೋರಿಸಿದರೆ ಶುಲ್ಕ ಆ ದರದ ಮೇಲೆಯೇ. ಪೇಟೆಯಲ್ಲಿ ನಡೆಯುವ ಬೆಲೆ ಬೇರೆ, ಬಹಳ ಕಡೆ ಅದು ಮೇಲಿರುತ್ತದೆ. 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲೆಲ್ಲ ದರ ಏರಿಸಿದರು, ಅಂತರ ಸ್ವಲ್ಪ ಕಡಿಮೆ ಆಯಿತು, ಹೋಗಲಿಲ್ಲ. ಆ ಅಂತರದಲ್ಲೇ ಸೈತಾನನು ಅಂಗಡಿ ಹಾಕಿದ್ದಾನೆ. ಖರೀದಿ ಪತ್ರದಲ್ಲಿ ಸರ್ಕಾರದ ದರ ಬರೆಯುವುದು, ಉಳಿದದ್ದು ನೋಟಿನಲ್ಲಿ. ಬಿಳಿ ಇಷ್ಟು, ಕರಿ ಇಷ್ಟು. ಕೊಳ್ಳುವವನಿಗೆ ಮುದ್ರಾಂಕ ಶುಲ್ಕ ಉಳೀತು, ಮಾರುವವನಿಗೆ ಆದಾಯ ತೆರಿಗೆ ಉಳೀತು, ದಲಾಲನಿಗೆ ಕಮಿಷನ್ ಬಂತು. ಎಲ್ಲರಿಗೂ ಲಾಭ. ಈಗ ಕಾವೇರಿ ತಂತ್ರಾಂಶ ಬಂದಿದೆ, ಇ-ಖಾತೆ ಬಂದಿದೆ, ಕಚೇರಿ ಮುಂದೆ ದಿನಗಟ್ಟಲೆ ನಿಲ್ಲುವುದು ತಪ್ಪಿದೆ. ಹಳೇ ಸುಳ್ಳನ್ನೇ ಈಗ ಆನ್‌ಲೈನ್‌ನಲ್ಲಿ ತುಂಬುತ್ತೇವೆ.

“ಎಲ್ಲರಿಗೂ ಲಾಭ” ಅಂದೆ. ಹಾಗೆ ನಾನೂ ನಂಬಿದ್ದೆ, 2006ರವರೆಗೆ.

ದುರ್ಗದ ಬೈಲಿನ ಹತ್ತಿರ ಒಂದು ಗಲ್ಲಿಯಲ್ಲಿ ಒಬ್ಬ ವಿಧವೆ ತಾಯಿಯ ಎರಡು ಮಳಿಗೆ ಇದ್ದವು. ಗಂಡ ಬಿಟ್ಟುಹೋದ ಆಸ್ತಿ ಅಷ್ಟೇ. ಮಗಳ ಮದುವೆ, ಸ್ವಲ್ಪ ಸಾಲ, ಮಾರಬೇಕು ಅಂದರು. ಹೆಸರು ಹೇಳುವುದಿಲ್ಲ, ಅವರಿಗೆ ನಾನು ಅವ್ವಾರ ಅಂತಿದ್ದೆ. 18 ಲಕ್ಷಕ್ಕೆ ಮಾತಾಯಿತು. ಕಾಗದದಲ್ಲಿ 7 ಲಕ್ಷ. ಉಳಿದ 11 ನಗದು. 5 ಲಕ್ಷ ರಿಜಿಸ್ಟ್ರಿಗೆ ಮೊದಲು ಬಂತು. “ಇನ್ನಾರು ಸೋಮವಾರ ಕೊಡ್ತಾರ್ರಿ, ನಾ ಅದೀನಲ್ಲ” ಅಂತ ಹೇಳಿದವನು ನಾನು. ಅವ್ವಾರ ನನ್ನ ಮುಖಾ ನೋಡಿ ಸಹಿ ಮಾಡಿದರು. “ನೀ ಹೇಳಿದಿ ಅಂತ ಮಾಡಾಕತ್ತೀನಿ ತಮ್ಮಾ” ಅಂದರು.

ಆ ಸೋಮವಾರ ಇನ್ನೂ ಬಂದಿಲ್ಲ.

ಕೊಂಡವನು ಮೊದಲು ಇವತ್ತು ನಾಳೆ ಅಂದ, ಆಮೇಲೆ ಫೋನ್ ಎತ್ತಲಿಲ್ಲ, ಆಮೇಲೆ “ಯಾವ 6 ಲಕ್ಷ?” ಅಂದ. ಅವ್ವಾರ ವಕೀಲರ ಹತ್ತಿರ ಹೋದರು. ವಕೀಲರು ಪತ್ರ ಓದಿದರು. ಮಾರಾಟದ ಬೆಲೆ 7 ಲಕ್ಷ, ಪೂರ್ತಿ ಹಣ ಮುಟ್ಟಿದೆ, ಬಾಕಿ ಏನೂ ಇಲ್ಲ, ಕೆಳಗೆ ಅವ್ವಾರ ಸಹಿ, ಅವ್ವಾರ ಹೆಬ್ಬೆಟ್ಟು. ಕಾಯಿದೆಯ ಕಣ್ಣಿಗೆ ಆ 6 ಲಕ್ಷ ಹುಟ್ಟಿಯೇ ಇರಲಿಲ್ಲ. ಇತ್ತು ಅಂತ ಹೇಳಲಿಕ್ಕೆ ಹೋದರೆ ಮೊದಲ ಪ್ರಶ್ನೆ ಅವರಿಗೇ: ಹಾಗಾದರೆ ಸುಳ್ಳು ಬೆಲೆಗೆ ಯಾಕೆ ಸಹಿ ಮಾಡಿದಿರಿ? ಸುಳ್ಳು ಕಾಗದ ಮೋಸಗಾರನಿಗೆ ಗೋಡೆ ಆಯಿತು. ಆ ಗೋಡೆ ಕಟ್ಟಿಕೊಟ್ಟವನು ನಾನು. ಕಮಿಷನ್ ಮಾತ್ರ 7 ಲಕ್ಷದ ಮೇಲೆ ತಗೊಂಡಿರಲಿಲ್ಲ ನಾನು. 18 ಲಕ್ಷದ ಮೇಲೆ, ಶೇ 2ರಂತೆ, ಎರಡೂ ಕಡೆಯಿಂದ, 72 ಸಾವಿರ. ನನ್ನ ಲೆಕ್ಕದಲ್ಲಿ ನಿಜವಾದ ಬೆಲೆ ಇತ್ತು ನೋಡ್ರಿ.

2009ರಲ್ಲಿ ಕರ್ತನು ನನ್ನನ್ನು ಹಿಡಿದ. ದೀಕ್ಷಾಸ್ನಾನ ಆಯಿತು, ಆತ್ಮಾಭಿಷೇಕ ಆಯಿತು, ಅನ್ಯಭಾಷೆ ಬಂತು. ಹಲ್ಲೆಲೂಯಾ. ಆದರೆ ಉಪವಾಸ ಪ್ರಾರ್ಥನೆಗೆ ಮೊಣಕಾಲೂರಿದಾಗಲೆಲ್ಲ ಆ ಗಲ್ಲಿ ಕಣ್ಣಮುಂದೆ. ಎಷ್ಟು ಗಟ್ಟಿಯಾಗಿ ಸ್ತೋತ್ರ ಹೇಳಿದರೂ ಆ ಗಲ್ಲಿ ಹೋಗಲಿಲ್ಲ. ಎರಡು ವರ್ಷ ಹೀಗೇ ಕಳೆದೆ. ಕೊನೆಗೆ 2011ರ ಜನವರಿಯಲ್ಲಿ ಅವರ ಮನೆಗೆ ಹೋದೆ. ಕೈಯಲ್ಲಿ ಇದ್ದದ್ದು 5 ಸಾವಿರ. “ಅವ್ವಾರ, ಆ 6 ಲಕ್ಷ ನಾ ಕೊಡ್ತೀನ್ರಿ, ತಿಂಗಳಾ ತಿಂಗಳಾ” ಅಂದೆ. ಅವರು ನೋಟು ಎರಡು ಸಾರಿ ಎಣಿಸಿದರು. ನನ್ನನ್ನು ಎರಡನೇ ಸಾರಿ ನಂಬುವ ಮನಸ್ಸು ಅವರಿಗೆ ಇರಲಿಲ್ಲ, ಇರಬೇಕಾದ್ದೂ ಇಲ್ಲ. ಎಣಿಸಿ ಸೆರಗಿಗೆ ಗಂಟು ಹಾಕಿಕೊಂಡು ಕೇಳಿದರು: “ಏನ್ ತಮ್ಮಾ, ನಿಮ್ಮ ದೇವ್ರು ಕಂತಿನ್ಯಾಗ ಸಾಲಾ ತೀರಸ್ತಾನೇನು?”

ನನ್ನ ಬಾಯಲ್ಲಿ ಉತ್ತರ ಇರಲಿಲ್ಲ. ಚಹಾ ಕೊಟ್ಟರು, ಕುಡಿದು ಬಂದೆ.

120 ಕಂತು. 2017ರಲ್ಲಿ ಅವ್ವಾರ ತೀರಿಕೊಂಡರು, ಆಮೇಲೆ ಗದಗಿನಲ್ಲಿರುವ ಮಗಳಿಗೆ ಕಳಿಸಿದೆ. ಲಾಕ್‌ಡೌನಿನಲ್ಲಿ ಎರಡು ತಿಂಗಳು ತಪ್ಪಿತು. 2021ರ ಫೆಬ್ರವರಿಯಲ್ಲಿ ಮುಗಿಯಿತು. ಇದನ್ನು ದೊಡ್ಡ ಸಾಕ್ಷಿ ಅಂತ ಹೇಳುತ್ತಿಲ್ಲ, ದಯವಿಟ್ಟು ಚಪ್ಪಾಳೆ ಬೇಡ. ಜಕ್ಕಾಯ ನಾಲ್ಕರಷ್ಟು ಕೊಡ್ತೇನೆ ಅಂದ. ನಾನು ಕೊಟ್ಟದ್ದು ಒಂದರಷ್ಟು, ಬಡ್ಡಿ ಇಲ್ಲದೆ, ಅದೂ ಆಕೆ ಸತ್ತ ಮೇಲೆ ಮುಗಿಸಿದ್ದು.

ಈಗ ಯೆರೆಮೀಯನ ಗ್ರಂಥಕ್ಕೆ ಬರ್ರಿ, 32ನೇ ಅಧ್ಯಾಯ. ಹಳೇ ದಲಾಲನಾಗಿ ಹೇಳುತ್ತೇನೆ, ಇಡೀ ಸತ್ಯವೇದದಲ್ಲಿ ನನಗೆ ಬಹಳ ಇಷ್ಟವಾದ ಖರೀದಿ ಇದು. ಅಬ್ರಹಾಮನದೂ ಚೆನ್ನಾಗಿದೆ, ಆದಿಕಾಂಡ 23. ಸಾರಳನ್ನು ಹೂಣಲಿಕ್ಕೆ ಮಕ್ಪೇಲದ ಗವಿ ಕೇಳಿದಾಗ ಎಫ್ರೋನನು “ಸುಮ್ಮನೆ ತಗೊಳ್ರಿ” ಅಂತ ಶುರು ಮಾಡಿ, ನಮ್ಮ ನಡುವೆ ಅದೇನು ದೊಡ್ಡದು ಅನ್ನುವ ಹಾಗೆ 400 ಶೇಕೆಲ್ ಬೆಳ್ಳಿ ಅಂತ ಬಾಯಿಬಿಟ್ಟ. ಎಂಥಾ ದಲಾಲಿ ಮಾತು! ನಾನೂ ಇಷ್ಟು ಚಂದ ಮಾತಾಡಿಲ್ಲ. ಅಬ್ರಹಾಮ ಚೌಕಾಸಿ ಮಾಡಲಿಲ್ಲ. ಊರ ಬಾಗಿಲಲ್ಲಿ ಎಲ್ಲರ ಕಿವಿಗೆ ಬೀಳುವ ಹಾಗೆ ಹೇಳಿದ ಬೆಲೆಯನ್ನೇ, ವರ್ತಕರ ತೂಕದಲ್ಲಿ ಎಲ್ಲರ ಕಣ್ಣಿಗೆ ಕಾಣುವ ಹಾಗೆ ತೂಗಿ ಕೊಟ್ಟ. ಹೊಲ, ಅದರಲ್ಲಿರುವ ಗವಿ, ಸುತ್ತಲಿನ ಮೇರೆಯೊಳಗಿನ ಮರಗಳು, ಎಲ್ಲ ಬರೆದಿದೆ. ಪೂರಾ ಚಕ್ಕುಬಂದಿ. ಹೇಳಿದ ಬೆಲೆ, ಕೊಟ್ಟ ಬೆಲೆ, ಬರೆದ ಬೆಲೆ ಒಂದೇ.

ಯೆರೆಮೀಯನ ಸಂಗತಿ ಇನ್ನೂ ಕಠಿಣ. ಯೆರೂಸಲೇಮಿನ ಸುತ್ತ ಬಾಬೆಲಿನ ದಂಡು ಬಂದು ಕೂತಿದೆ. ಪ್ರವಾದಿ ಸೆರೆಯಲ್ಲಿ, ಕಾವಲಿನ ಅಂಗಳದಲ್ಲಿ. ಊರು ಬೀಳುತ್ತದೆ ಅಂತ ಇವನೇ ಸಾರಿದ್ದಾನೆ. ಆಗ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನಲ್ಲಿ ನನ್ನ ಹೊಲ ಇದೆ, ಕೊಂಡುಕೋ, ಹಕ್ಕು ನಿನ್ನದು ಅಂತಾನೆ. ನಾಳೆ ಶತ್ರುವಿನ ಪಾಲಾಗುವ ಹೊಲ! ಆ ಪೇಟೆಯಲ್ಲಿ ಯಾವ ದಲಾಲನೂ ಅದನ್ನು ಮಾರಿಸಲಾರ. ಯೆರೆಮೀಯ ಕೊಂಡ. 17 ಶೇಕೆಲ್ ಬೆಳ್ಳಿ. ಆಮೇಲೆ ಏನೇನು ಮಾಡಿದ ನೋಡ್ರಿ: ಪತ್ರ ಬರೆದ, ಮುದ್ರೆ ಹಾಕಿದ, ಸಾಕ್ಷಿಗಳನ್ನು ಕರೆಸಿದ, ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿದ. ಪತ್ರ ಎರಡು. ಒಂದು ಮುದ್ರೆ ಹಾಕಿ ಮುಚ್ಚಿದ್ದು, ಒಂದು ತೆರೆದದ್ದು. ಎರಡನ್ನೂ ಬಾರೂಕನ ಕೈಗೆ ಕೊಟ್ಟು, ಬಹುಕಾಲ ಉಳಿಯುವಂತೆ ಮಣ್ಣಿನ ಗಡಿಗೆಯಲ್ಲಿ ಇಡು ಅಂದ.

ನಮ್ಮ ಕಾಲದಲ್ಲೂ ಎರಡು ಪತ್ರ ಇರುತ್ತವೆ. ತೆರೆದದ್ದು ಸರ್ಕಾರಕ್ಕೆ. ಮುಚ್ಚಿದ್ದು ದಲಾಲನ ಡೈರಿಯಲ್ಲಿ, ಒಂದು ಚೀಟಿಯಲ್ಲಿ, ಪೆನ್ಸಿಲಿನಲ್ಲಿ. ಯೆರೆಮೀಯನ ಎರಡು ಪತ್ರಗಳಲ್ಲಿ ಎರಡು ಬೆಲೆ ಇರಲಿಲ್ಲ. ಮುಚ್ಚಿದ್ದನ್ನು ಯಾವತ್ತು ಒಡೆದು ನೋಡಿದರೂ ತೆರೆದದ್ದರ ಸಂಗಡ ಕೂಡಬೇಕು. ಅದಕ್ಕೇ ಅಲ್ಲವೇ ಅದು ಗಡಿಗೆಯಲ್ಲಿ 70 ವರ್ಷ ಬೇಕಾದರೂ ಇರಬಹುದಾಗಿತ್ತು?

ಸರಿ, ಈಗ ಹಾಲ್.

ಕೇಶ್ವಾಪುರದ ಕಡೆ ಒಂದು ಕಾಂಪ್ಲೆಕ್ಸ್, ಮೊದಲನೇ ಮಹಡಿ, 2,400 ಚದರಡಿ. ನಿಮ್ಮಲ್ಲಿ ಬಹಳ ಜನ ಹೋಗಿ ನೋಡಿದ್ದೀರಿ, ಗೋಡೆ ಮುಟ್ಟಿ ಪ್ರಾರ್ಥನೆ ಮಾಡಿ ಬಂದಿದ್ದೀರಿ. ಸಿಟಿ ಸರ್ವೆ ಉತಾರ ನೋಡಿದ್ದೇವೆ, ಋಣಭಾರ ಪತ್ರ ತೆಗೆಸಿದ್ದೇವೆ, ಪಾಲಿಕೆಯ ತೆರಿಗೆ ಬಾಕಿ ಇಲ್ಲ. ಕೇಳಿದ ಬೆಲೆ 1 ಕೋಟಿ 20 ಲಕ್ಷ. ಮಾರ್ಗಸೂಚಿ ದರದ ಪ್ರಕಾರ 70 ಲಕ್ಷ. 70 ಕಾಗದದಲ್ಲಿ ಬರೆಯೋಣ, 50 ಕೈಯಲ್ಲಿ ಕೊಡ್ರಿ ಅಂದರು.

ಆ ಮನುಷ್ಯ ಕೆಟ್ಟವರಲ್ಲ, ಇದನ್ನು ನೀವು ತಿಳಿದುಕೊಳ್ಳಬೇಕು. ಕೂಡಿಸಿ ಚಹಾ ಕೊಟ್ಟು ಸಮಾಧಾನದಿಂದ ಹೇಳಿದರು: “ಪಾಸ್ಟರ್, ನಾ ಕೊಂಡಾಗ 60 ಲಕ್ಷ ಕೊಟ್ಟೀನಿ. ಕಾಗದದಾಗ 35 ಐತಿ. ಈಗ ಪೂರಾ ತೋರಿಸಿದ್ರ ನಾ ಗಳಿಸದ 25 ಲಕ್ಷ ಲಾಭ ಅಂತ ತೆರಿಗಿ ಕಟ್ಟಬೇಕು. ಇದು ನ್ಯಾಯ ಏನ್ರಿ?” ನಾನು ಮನೆಗೆ ಬಂದು ಆ ರಾತ್ರಿ ಇದನ್ನೇ ಯೋಚನೆ ಮಾಡಿದೆ. ಅವರು ಕೊಂಡದ್ದು ಬರೀ ಮಳಿಗೆ ಅಲ್ಲ. ಹಳೇ ಬಾಡಿಗೆದಾರನ ಸಮೇತ ಮಳಿಗೆ ಕೊಳ್ಳುತ್ತಾರಲ್ಲ, ಹಾಗೆ ಹಳೇ ಸುಳ್ಳಿನ ಸಮೇತ ಕೊಂಡಿದ್ದರು. ಈಗ ಆ ಬಾಡಿಗೆದಾರನನ್ನು ನಮಗೆ ದಾಟಿಸುತ್ತಿದ್ದಾರೆ. ನಾವು 70 ಅಂತ ಬರೆದುಕೊಂಡರೆ, ಮುಂದೆ ಒಂದು ದಿನ ನಮ್ಮ ಮಕ್ಕಳು ಆ ಹಾಲ್ ಮಾರಬೇಕಾದಾಗ ಇದೇ ಮಾತು ಇನ್ನೊಬ್ಬರ ಮುಂದೆ ಹೇಳಬೇಕು. ನಾನು ಹನ್ನೆರಡು ವರ್ಷ ಮಾರಿಸಿದ್ದರಲ್ಲಿ ಈ ಬಾಡಿಗೆದಾರ ಇಲ್ಲದ ಮಳಿಗೆಗಳನ್ನು ಬೆರಳಲ್ಲಿ ಎಣಿಸಬಹುದು.

ನಮ್ಮ ಸಭೆಯ ಹಣ 64 ಲಕ್ಷ. 11 ವರ್ಷದ ಕಾಣಿಕೆ. ಹಾಲು ಮಾರುವ ತಾಯಿಯ 50 ರೂಪಾಯಿ, ರೈಲ್ವೆ ಪಿಂಚಣಿದಾರರ ಮೊದಲ ತಿಂಗಳ ಪಿಂಚಣಿ, ಎಲ್ಲ ಅದರಲ್ಲಿದೆ. ಎಲ್ಲ ಟ್ರಸ್ಟಿನ ಖಾತೆಯಲ್ಲಿದೆ, ರಸೀದಿ ಇದೆ, ಪ್ರತಿವರ್ಷ ಆಡಿಟ್ ಇದೆ. ಇನ್ನುಳಿದದ್ದಕ್ಕೆ ಬ್ಯಾಂಕ್ ಸಾಲ ಮತ್ತು ನೀವು ಬರೆದುಕೊಟ್ಟ ವಾಗ್ದಾನಗಳು. ಬ್ಯಾಂಕಿನವರು ಪತ್ರದಲ್ಲಿರುವ ಬೆಲೆಯ ಮೇಲೆ ಸಾಲ ಕೊಡುತ್ತಾರೆ, ಕೈಚೀಲದ ಮೇಲೆ ಕೊಡುವುದಿಲ್ಲ. ಹಾಗಾದರೆ 50 ಲಕ್ಷ ನೋಟು ಎಲ್ಲಿಂದ? ಕಮಿಟಿಯಲ್ಲಿ ಒಬ್ಬ ಸಹೋದರರು, ಈ ಸಭೆಗಾಗಿ ನನಗಿಂತ ಜಾಸ್ತಿ ಬೆವರು ಸುರಿಸಿದವರು, ಹೇಳಿದರು: “ಪಾಸ್ಟರ್, ಕೆಲವು ತಿಂಗಳು ಕಾಣಿಕೆಯಲ್ಲಿ ಸ್ವಲ್ಪ ರಸೀದಿ ಇಲ್ಲದೆ ತೆಗೆದಿಡೋಣ. ಇಡೀ ಊರು ಹಿಂಗ ಮಾಡ್ತದ. ಕರ್ತನ ಕೆಲಸ ನಿಲ್ಲಬಾರದು.” ಅವರ ಕಣ್ಣಲ್ಲಿ ನೀರಿತ್ತು. ಅವರು ಆಸೆಬುರುಕರಲ್ಲ. ಆದರೆ ನೋಡ್ರಿ, ಅನನೀಯನ ಹಣವೂ ಅಪೊಸ್ತಲರ ಪಾದಕ್ಕೇ ಹೋಗುತ್ತಿತ್ತು. ಅದೂ ಕರ್ತನ ಕೆಲಸಕ್ಕೇ.

ನಾವು ಹೋಗಿ ಪೂರಾ 1 ಕೋಟಿ 20 ಲಕ್ಷವನ್ನೂ ಚೆಕ್ಕಿನಲ್ಲಿ ಕೊಡುತ್ತೇವೆ ಅಂದೆವು. ಹಾಗಾದರೆ ತೆರಿಗೆಯ ಭಾರಕ್ಕೆ 1 ಕೋಟಿ 28 ಲಕ್ಷ ಆಗುತ್ತದೆ ಅಂದರು. ಲೆಕ್ಕ ಕೇಳ್ರಿ, ನಾಲ್ಕು ಸಾರಿ ಹಾಕಿದ್ದೇನೆ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ಸು, ಸರ್ಚಾರ್ಜು ಸೇರಿ ನಗರದಲ್ಲಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಒಟ್ಟು ಶೇ 7.6. ಸುಳ್ಳು ಕಾಗದವಾದರೆ 120 ಲಕ್ಷ ಮತ್ತು 70ರ ಮೇಲಿನ ಶುಲ್ಕ, ಸುಮಾರು 125 ಲಕ್ಷ 32 ಸಾವಿರ. ನಿಜದ ಕಾಗದವಾದರೆ 128 ಲಕ್ಷ ಮತ್ತು ಅದರ ಪೂರ್ತಿ ಶುಲ್ಕ, ಸುಮಾರು 137 ಲಕ್ಷ 73 ಸಾವಿರ. ವ್ಯತ್ಯಾಸ ಸುಮಾರು 12 ಲಕ್ಷ 41 ಸಾವಿರ ರೂಪಾಯಿ.

ನಿಜ ಹೇಳುವುದಕ್ಕೆ ಈ ಸಭೆ ಕೊಡಬೇಕಾದ ಬೆಲೆ ಅದು. ಮೊದಲು ಇದನ್ನು ನಿಮ್ಮಿಂದ ಮುಚ್ಚಿಟ್ಟು, “ಕರ್ತನು ಬಾಗಿಲು ಮುಚ್ಚಿದ” ಅಂತ ಹೇಳಿಬಿಡೋಣ ಅನ್ನಿಸಿತ್ತು ನನಗೆ. ಆಮೇಲೆ ಅದೂ ಒಂದು ಕರಿ ಲೆಕ್ಕವೇ ಅಂತ ಪವಿತ್ರಾತ್ಮನು ಎಚ್ಚರಿಸಿದ.

ಕಮಿಟಿಯ ಐವರಲ್ಲಿ ಮೂವರು ನಿಜದ ಕಾಗದವೇ ಅಂದರು, ಇಬ್ಬರು ಒಪ್ಪಲಿಲ್ಲ. ಆ ಇಬ್ಬರ ಬಗ್ಗೆ ಯಾರೂ ಬಾಗಿಲಾಚೆ ನಿಂತು ಮಾತಾಡಬಾರದು. ಅವರು ಈಗ ನಾನು ಹೇಳುತ್ತಿರುವುದಕ್ಕೆ ಒಪ್ಪಿ, ಇಲ್ಲೇ ಕೂತಿದ್ದಾರೆ. ಮಾರುವವರು ಬರುವ ಗುರುವಾರದವರೆಗೆ ಸಮಯ ಕೊಟ್ಟಿದ್ದಾರೆ. ನೋಟು ಹಿಡಿದು ನಿಂತ ಇನ್ನೊಬ್ಬ ಗಿರಾಕಿ ಇದ್ದಾರೆ ಅಂತಲೂ ಹೇಳಿದ್ದಾರೆ. ಇರಬಹುದು. ನಾನೂ ಎಷ್ಟೋ ಸಾರಿ ಇಲ್ಲದ ಗಿರಾಕಿಯನ್ನು ನಿಲ್ಲಿಸಿದ್ದೇನೆ, ಆದರೂ ಈ ಸಾರಿ ನಿಜವೇ ಇರಬಹುದು. ಹಾಲ್ ಕೈತಪ್ಪಬಹುದು. ಈಗಿರುವ ಜಾಗದ ಕರಾರು ಮಾರ್ಚಿಗೆ ಮುಗಿಯುತ್ತದೆ, ಅದೂ ನಿಮಗೆ ಗೊತ್ತಿದೆ. ಏಪ್ರಿಲ್‌ನಲ್ಲಿ ಎಲ್ಲಿ ಕೂಡುತ್ತೇವೆ, ನನ್ನ ಹತ್ತಿರ ಉತ್ತರ ಇಲ್ಲ.

ಇನ್ನೊಂದು ಮಾತು, ಇದು ಹಾಲಿನದಲ್ಲ, ನಿಮ್ಮದು. ನಿಮ್ಮಲ್ಲಿ ಕೆಲವರ ಮಳಿಗೆ, ಸೈಟು ಮಾತುಕತೆಯಲ್ಲಿದೆ ಅಂತ ನನಗೆ ಗೊತ್ತು, ಪ್ರಾರ್ಥನೆಗೆ ಬಂದಿದ್ದೀರಲ್ಲ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಳ್ಳಬಾರದು ಅಂತ 2015ರ ಜೂನ್ 1ರಿಂದ ಕಾಯಿದೆ ಇದೆ, ತಗೊಂಡರೆ ಅಷ್ಟೇ ಮೊತ್ತದ ದಂಡ. ಆದರೆ ದಂಡಕ್ಕೆ ಹೆದರಿ ಬಿಡ್ರಿ ಅಂತ ನಾನು ಹೇಳುತ್ತಿಲ್ಲ. ಮುಂದಿನ ಸಾರಿ ಯಾರಾದರೂ ಬಿಳಿ ಎಷ್ಟು ಕರಿ ಎಷ್ಟು ಅಂದಾಗ, ಸಹಿಯ ಮುಂದೆ ಕೈ ನಡುಗುವ ಒಬ್ಬ ಅವ್ವಾರ ಇದ್ದಾರೆ ಅಂತ ನೆನಪು ಮಾಡಿಕೊಳ್ರಿ. ನಿಮ್ಮದು ಬಲವಾದ ಕೈ ಇರಬಹುದು. ಆಕೆಯದು ಅಲ್ಲ.

ಮುಗಿಸುವ ಮೊದಲು ಒಂದು ಶಬ್ದ. ನಮ್ಮ ಕಡೆ ಆಸ್ತಿಗೆ ಮುಂಗಡ ಕೊಡುವುದಕ್ಕೆ ಏನಂತೀವಿ? ಹೇಳ್ರಿ. ಸಂಚಕಾರ! ಹೌದು. ಸಂಚಕಾರ ಕೊಟ್ಟೆ ಅಂದರೆ ಮಾತು ಕಟ್ಟಿತು, ಪೂರ್ತಿ ಕೊಡುತ್ತೇನೆ ಅಂತ. ಈಗ ನಿಮ್ಮ ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರ, ಮೊದಲನೇ ಅಧ್ಯಾಯ, 14ನೇ ವಚನ ತೆಗೆದು ನೋಡ್ರಿ. ಪವಿತ್ರಾತ್ಮನನ್ನು ಅಲ್ಲಿ ಏನಂತ ಕರೆದಿದೆ? ಅದೇ ಶಬ್ದ. ಇಷ್ಟು ವರ್ಷ ದಿನಕ್ಕೆ ಹತ್ತು ಸಾರಿ ಆ ಶಬ್ದ ಬಳಸಿದವನು ನಾನು, ಮೊದಲ ಸಾರಿ ಅದನ್ನು ವೇದದಲ್ಲಿ ಓದಿದಾಗ ಪುಸ್ತಕ ಮುಚ್ಚಿ ಅತ್ತುಬಿಟ್ಟೆ. ದೇವರು ನನಗೆ ಸಂಚಕಾರ ಕೊಟ್ಟಿದ್ದಾನೆ. ನನ್ನಂಥ ದಲಾಲನಿಗೆ! ಅನ್ಯಭಾಷೆ ನಮಗೆ ದೊಡ್ಡ ವರ, ನಾನು ಅದನ್ನು ಕಡಿಮೆ ಮಾಡುತ್ತಿಲ್ಲ. ಆದರೆ ಕೊಟ್ಟವನು ಒಂದು ರೂಪಾಯಿಯೂ ಬಾಕಿ ಉಳಿಸಿಕೊಳ್ಳುವವನಲ್ಲ ಅಂತ ನನಗೆ ಭರವಸೆ ಬಂದದ್ದು ಆ ಒಂದು ಶಬ್ದದಿಂದ. ಅವ್ವಾರ ಕೇಳಿದ್ದಕ್ಕೆ ಆವತ್ತು ನನ್ನ ಬಾಯಲ್ಲಿ ಉತ್ತರ ಇರಲಿಲ್ಲ ಅಂದೆನಲ್ಲ. ಈಗ ಹೇಳುತ್ತಿದ್ದೆ: ಹೌದ್ರೀ ಅವ್ವಾರ, ಸಂಚಕಾರ ಕೊಟ್ಟಾನ, ಬಾಕೀದು ಬರ್ತದ. ಅವರು ಇಲ್ಲ ಕೇಳಲಿಕ್ಕೆ.

ಎಲ್ಲರೂ ಎದ್ದು ನಿಲ್ಲೋಣ. ಕಣ್ಣು ಮುಚ್ಚಿರಿ. ವಾದ್ಯ ಸ್ವಲ್ಪ ಮೆಲ್ಲಗೆ.

ತಂದೆಯೇ, ಸ್ತೋತ್ರ. ಯಾರ ಕೈಯಲ್ಲಿ ಕೊಡಬೇಕಾದ ಬಾಕಿ ಉಳಿದಿದೆಯೋ ಅವರ ಹೃದಯದಲ್ಲಿ ಈಗಲೇ ಮಾತಾಡು. ಮಾರುವ ಆ ಸಹೋದರರನ್ನು ಆಶೀರ್ವದಿಸು ಕರ್ತನೇ, ಅವರ ಮೇಲೆ ನಮಗೆ ಕೋಪ ಇಲ್ಲ. ಅವರ ಮೇಲಿರುವ ಆ ಹಳೇ 25 ಲಕ್ಷದ ಭಾರವನ್ನು ನೀನು ಬಲ್ಲೆ. ಕಮಿಟಿಯ ಐದು ಜನರನ್ನು ಒಂದೇ ಮನಸ್ಸಿನಲ್ಲಿ ಇಡು. ಗುರುವಾರ ನಾವು ಹೋಗಿ ಕೂತಾಗ ನಮ್ಮ ಬಾಯಲ್ಲಿ ಒಂದೇ ಬೆಲೆ ಇರಲಿ. ಹಾಲ್ ಸಿಕ್ಕರೆ ನಿನಗೆ ಸ್ತೋತ್ರ. ಸಿಗದಿದ್ದರೆ, ಸ್ವಾಮೀ, ಏಪ್ರಿಲ್ ತಿಂಗಳ ಮೊದಲನೇ ಭಾನುವಾರಕ್ಕೆ ಈ ನಿನ್ನ ಮಕ್ಕಳನ್ನು ಕೂಡಿಸಲಿಕ್ಕೆ ಒಂದು ನೆರಳು ತೋರಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.